ಹೆಚ್ಚುವರಿ

ಹುಟ್ಟದೆ ಹೋದವರನ್ನು ಎಣಿಸುವುದು ನನ್ನ ಕೆಲಸ.
ಸಂಬಳ ಕೌನ್ಸಿಲ್ಲಿನದು. ಮೂರನೇ ಮಹಡಿ, ಕಿಟಕಿ ಪಕ್ಕದ ಮೇಜು,
ಗೋಡೆಗೆ ಥೇಮ್ಸಿನ ದಕ್ಷಿಣ ದಂಡೆಯ ನಕ್ಷೆ,
ಶಾಲೆಗೊಂದು ಗುಂಡುಸೂಜಿ. ಹಸಿರು, ಹಳದಿ.
ಈಚೆಗೆ ಕೆಂಪು ಡಬ್ಬಿಯೇ ಬೇಗ ಖಾಲಿಯಾಗುತ್ತದೆ.

ಹೆರಿಗೆಗಳ ಪಟ್ಟಿಗೆ ನಾಲ್ಕು ವರ್ಷ ಕೂಡಿಸಿದರೆ
ರಿಸೆಪ್ಷನ್ ತರಗತಿ.
ಅದರಲ್ಲಿ ಬಾಡಿಗೆ ಏರಿ ಊರು ಬಿಟ್ಟವರನ್ನು ಕಳೆಯಬೇಕು,
ಹಳೆಯ ಎಸ್ಟೇಟು ಕೆಡವಿದಾಗ ಚದುರಿದವರನ್ನು ಕಳೆಯಬೇಕು.
ಅಲ್ಲೀಗ ಎದ್ದಿರುವ ಗಾಜಿನ ಗೋಪುರದಲ್ಲಿ
ನಾಯಿಗಳಿಗೆ ಬೇರೆ ಸ್ನಾನದ ಕೋಣೆಯಿದೆ, ನಾನೇ ನೋಡಿದ್ದೇನೆ.
ಉಳಿದದ್ದು ಲೆಕ್ಕ:
ಅರವತ್ತು ಕುರ್ಚಿಗೆ ಇಪ್ಪತ್ತಮೂರು ಮಕ್ಕಳು.
ಬಾರದ ಮೂವತ್ತೇಳು ಮಂದಿಗೆ
ನಮ್ಮ ಕಡತದಲ್ಲೊಂದು ಹೆಸರುಂಟು: ಹೆಚ್ಚುವರಿ.
ಇಲ್ಲದವರು ಹೆಚ್ಚಾಗುವುದು ಹೇಗೆ ಅಂತ
ಮೊದಲ ವರ್ಷ ಕೇಳಿದ್ದೆ. ಈಗ ಕೇಳುವುದಿಲ್ಲ.

ಮಂಗಳವಾರ ಹ್ಯಾಡ್ಲೋ ರೋಡ್ ಪ್ರೈಮರಿಗೆ ಹೋದೆ,
ಟೇಪು ಹಿಡಿದು, ಕೋಣೆ ಅಳೆಯಲು.
ಬಾಗಿಲು ತೆಗೆದವನು ಕೇರ್‌ಟೇಕರ್ ಎವರ್ಟನ್ ಪಿನ್ನಕ್,
ಸೊಂಟಕ್ಕೆ ಬೀಗದಕೈ ಗೊಂಚಲು, ಮಾತು ಕಡಿಮೆ.
ಟೇಪಿನ ಆಚೆ ತುದಿ ಅವನೇ ಹಿಡಿದ,
ಸಡಿಲ ಬಿಡದೆ, ಒಂದಿಂಚೂ ಮೋಸ ಮಾಡದೆ.

ಕಾರಿಡಾರಿನಲ್ಲಿ ಕೋಟಿನ ಗೂಟಗಳು
ನನ್ನ ಸೊಂಟದೆತ್ತರಕ್ಕೆ. ಒಂದೊಂದಕ್ಕೆ ಒಂದು ಸ್ಟಿಕ್ಕರು:
ಮುಳ್ಳುಹಂದಿ, ಗೂಬೆ, ಬಸವನಹುಳು, ನರಿ.
ನರಿಯಿಂದಾಚೆಗೆ ಕೋಟಿಲ್ಲ.
"ಬಣ್ಣ ಮಾತ್ರ ಪ್ರತಿ ಬೇಸಿಗೆ ಪೂರ್ತಿ ಬಳಿಯುತ್ತೇನೆ" ಅಂದ.
ಅಷ್ಟೇ ಅಂದದ್ದು.

ಸಂಜೆ ಸಭೆ. ಊಟದ ಹಾಲಿನಲ್ಲಿ ಮಕ್ಕಳ ಕುರ್ಚಿಗಳು,
ಅವುಗಳಲ್ಲಿ ನಾವೆಲ್ಲ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು.
ಗೋಡೆಗೆಲ್ಲ ಕಸ್ಟರ್ಡಿನ ವಾಸನೆ.
ಪರದೆಯ ಮೇಲೆ ನನ್ನ ರೇಖೆ ಜಾರುಬಂಡಿಯ ಹಾಗೆ ಇಳಿಯಿತು.
ತಲೆಗಿಷ್ಟು ಅಂತ ಬರುವ ದುಡ್ಡು ಅಂದೆ,
ತಲೆ ಕಮ್ಮಿಯಾದರೂ ಬಾಯ್ಲರು ಅಷ್ಟೇ ಕುಡಿಯುತ್ತದೆ ಅಂದೆ,
ಎರಡು ಶಾಲೆ ಒಂದಾದರೆ ಸಂಗೀತದ ಟೀಚರಾದರೂ ಉಳಿದಾರು ಅಂದೆ.
ಯಾವುದೂ ಸುಳ್ಳಲ್ಲ.

ಹಿಂದಿನ ಸಾಲಿನಿಂದ ಎಫುವಾ ಡಾಂಕ್ವಾ ಎದ್ದಳು.
ಈಗ ಇಲ್ಲೇ ಊಟ ಬಡಿಸುವವಳು.
"ಹನ್ನೆರಡು ವರ್ಷದ ಹಿಂದೆ ಜಾಗ ಇಲ್ಲ ಅಂತ
ನನ್ನ ಮಗನನ್ನು ಎರಡು ಬಸ್ಸಿನಾಚೆ ಕಳಿಸಿದ್ದು
ನೀವೇ ಅಲ್ಲವೇ?"
ಹೌದು, ನಾವೇ. ಆಟದ ಅಂಗಳ ನುಂಗಿ ತಗಡಿನ ತರಗತಿ
ಎಬ್ಬಿಸಿದವರೂ ನಾವೇ. ಅದಕ್ಕೂ ನನ್ನದೇ ಸಹಿ.
ಬಿಸ್ಕತ್ತಿನ ತಟ್ಟೆ ಆದರೂ ನನ್ನ ತನಕ ಬಂತು,
ಅವಳೇ ಚಾಚಿದಳು.

ಹೊಸದುರ್ಗದ ಸೊಸೈಟಿಯಲ್ಲಿ ರಾಗಿ ಅಳೆಯುತ್ತಿದ್ದ ನಮ್ಮಪ್ಪ
ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ,
ಲಾಭ ಅನ್ನುತ್ತಿದ್ದ. ಲಾಭ, ಎರಡು, ಮೂರು.
ಮಕ್ಕಳ ತಲೆ ಮಾತ್ರ ಎಣಿಸಬಾರದು ಅನ್ನುತ್ತಿದ್ದಳು ಅವ್ವ,
ದೃಷ್ಟಿಯಾಗುತ್ತದೆ, ಕಮ್ಮಿಯಾಗಿಬಿಡುತ್ತವೆ.
ನಾನು ಇಪ್ಪತ್ತು ವರ್ಷದಿಂದ ಎಣಿಸುತ್ತಿದ್ದೇನೆ.

ಬುಧವಾರ, ಮರೆತುಬಂದ ಟೇಪಿಗಾಗಿ ಮತ್ತೆ ಹೋದೆ.
ಆಟದ ಹೊತ್ತು. ಮುಳ್ಳುಹಂದಿ ಗೂಟದ ಹುಡುಗಿ,
ಮೂಗು ಸುರಿಸುತ್ತ, ಟೇಪನ್ನು ಬೆನ್ನ ಹಿಂದೆ ಬಚ್ಚಿಟ್ಟು
"ನನ್ನನ್ನೂ ಅಳೆ" ಅಂದಳು.
ಗೋಡೆಗೆ ನಿಲ್ಲಿಸಿದೆ. ನೂರಾ ನಾಲ್ಕು.
ಹಿಮ್ಮಡಿ ಎತ್ತಿದಳು. ನೂರಾ ಏಳು ಅಂತಲೇ ಇರಲಿ.
ಪಿನ್ನಕ್ ಕಿವಿಯಿಂದ ಪೆನ್ಸಿಲ್ ತೆಗೆದುಕೊಟ್ಟ,
ಅವನೇ ಬಣ್ಣ ಬಳಿದ ಗೋಡೆ.
ಗೆರೆ ಎಳೆದೆ, ಯಾರಿಗೂ ಕೇಳದ ಹಾಗೆ ಬಾಯಲ್ಲೇ:
ಲಾಭ.

ಹಿಂದೆ ಸಾಲು ಕಟ್ಟಿತು, ತಳ್ಳಾಟ ಶುರುವಾಯಿತು.
ಎರಡು. ಮೂರು. ಮೂರನೆಯವನು ಮತ್ತೊಮ್ಮೆ ಬಂದು ನಾಲ್ಕಾದ.
ಗಂಟೆ ಹೊಡೆಯುವಷ್ಟರಲ್ಲಿ ಒಂಬತ್ತರ ತನಕ ಬಂದಿದ್ದೆ.

ಶುಕ್ರವಾರ ವರದಿ ಕೊಟ್ಟೆ. ಶಿಫಾರಸು ಬದಲಿಸಲಿಲ್ಲ.
ಈ ಬೇಸಿಗೆ ಕಾರಿಡಾರಿಗೆ ಬಣ್ಣ ಬೇಕೋ ಬೇಡವೋ ಅಂತ
ಪಿನ್ನಕ್ ಈಮೇಲ್ ಹಾಕಿದ್ದಾನೆ.
ಇನ್ನೂ ಉತ್ತರಿಸಿಲ್ಲ.